ಶಿವರಾತ್ರಿಯಿಂದ ಯುಗಾದಿವರೆಗೆ ಶಾಲೆಯೊಳಗೆ

"ಶಿವರಾತ್ರಿ ಆತಂದ್ರ ಸಾಲಿ ಮುಗದಂಗ" ಎಂಬ ಧೋರಣೆ ನಮ್ಮ ರಾಯಚೂರು ಸೀಮೆಯಲ್ಲಿ ಗಟ್ಟಿಯಾಗಿ ಬೇರೂರಿದೆ. ಪಾಠಗಳು ಮುಗಿದಿವೆ, ಇನ್ನೇನಿದ್ದರೂ ಪರೀಕ್ಷೆ, ಅದರ ಬೆನ್ನಿಗೇ ರಜೆ. ಒಂದನೇ, ಎರಡನೇ ತರಗತಿಯ ಹುಡುಗರಿಗಂತೂ ಪರೀಕ್ಷೆಯ ಅಂಜಿಕೆಯೂ ಇಲ್ಲ. ಹೆಂಗಿದ್ದರೂ ಮುಂದಿನ ತರಗತಿಗೆ ಹಾಕುತ್ತಾರೆ ಎಂದು ತಂದೆತಾಯಿ ನಿಶ್ಚಿಂತೆಯಿಂದ ಇರುತ್ತಾರೆ.

ಶಾಲೆಯೊಳಗೆ ಆಗುವುದು ಬೇರೆ. ಸಿಂಧನೂರು ತಾಲ್ಲೂಕಿನ ಮುಕ್ಕುಂದದಂಥ ಹೊಳೆಸಾಲಿನ ಊರಾಗಲಿ, ಕಾಲುವೆ ನೀರು ತಲುಪದ ಮಸ್ಕಿ, ಲಿಂಗಸುಗೂರು ಕಡೆಯ ಊರಾಗಲಿ, ಒಂದು ಮಗು ಆ ವರ್ಷ ಓದು ಕಲಿಯಿತೋ ಇಲ್ಲವೋ ಎಂಬುದು ಬಹುಮಟ್ಟಿಗೆ ತೀರ್ಮಾನವಾಗುವುದು ಫೆಬ್ರುವರಿ ನಡುವಿನಿಂದ ಏಪ್ರಿಲ್ ಮೊದಲ ವಾರದವರೆಗಿನ ಈ ಅವಧಿಯಲ್ಲೇ. ಜೂನ್‌ನಿಂದ ಬಿಡಿಬಿಡಿಯಾಗಿ ಕಲಿತ ಅಕ್ಷರ, ಕಾಗುಣಿತ, ಒತ್ತಕ್ಷರಗಳು ಒಟ್ಟುಗೂಡಿ ‘ಓದು’ ಆಗುವ ಹೊತ್ತು ಇದು. ಮಕ್ಕಳು ಶಾಲೆ ಬಿಡುವುದೂ ಇದೇ ಹೊತ್ತಿನಲ್ಲಿ. ಈ ವಾರಗಳಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಯೊಳಗೆ ಏನೇನು ನಡೆಯುತ್ತದೆ, ಹೇಗೆ ನಡೆಯುತ್ತದೆ, ಮನೆಯವರು ಏನನ್ನು ಗಮನಿಸಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ಶಾಲೆಯ ಹೊರಗಿನ ಸಂಗತಿ. ತುಂಗಭದ್ರಾ ಎಡದಂಡೆ ಕಾಲುವೆಯ ಊರುಗಳಲ್ಲಿ ಎರಡನೇ ಬೆಳೆಗೆ ನೀರು ಸಿಕ್ಕ ವರ್ಷ ಭತ್ತ ಗದ್ದೆಯಲ್ಲೇ ಇರುತ್ತದೆ, ಕೂಲಿಯೂ ಊರಲ್ಲೇ ಸಿಗುತ್ತದೆ. ನೀರು ಸಿಗದ ವರ್ಷ, ಒಣಬೇಸಾಯದ ಊರುಗಳಲ್ಲಾದರೆ ಹೆಚ್ಚುಕಡಿಮೆ ಪ್ರತಿ ವರ್ಷ, ಹತ್ತಿ, ತೊಗರಿ, ಜೋಳ ಕೈಸೇರಿದ ಮೇಲೆ ಮಂದಿ ಗಂಟುಮೂಟೆ ಕಟ್ಟುತ್ತಾರೆ. ಇದೇ ಗುಳೆ. ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಬೇರೆ ಕಡೆಯ ಕೂಲಿಗೋ ಹೊರಟ ಕುಟುಂಬ ತಿರುಗಿ ಊರು ಸೇರುವುದು ಮುಂಗಾರಿನ ಹೊತ್ತಿಗೆ. ದೊಡ್ಡವರ ಜೊತೆ ಮಕ್ಕಳೂ ಹೋಗುತ್ತಾರೆ. ಕೆಲವರು ಅಜ್ಜ ಅಜ್ಜಿಯ ಹತ್ತಿರ ಉಳಿಯುತ್ತಾರೆ. ಊರಲ್ಲೇ ಉಳಿದವರಿಗೂ ಶಾಲೆ ತಪ್ಪಲು ಕಾರಣಗಳು ಬೇಕಾದಷ್ಟಿವೆ. ಮೆಣಸಿನಕಾಯಿ ಹರಿಯುವುದು ಇದೇ ಸುಗ್ಗಿಯಲ್ಲಿ, ತಾಯಿ ಹೊಲಕ್ಕೆ ಹೋದರೆ ಸಣ್ಣ ಕೂಸನ್ನು ನೋಡಿಕೊಳ್ಳಲು ಅಕ್ಕ ಬೇಕು. ಆ ಅಕ್ಕ ಮೂರನೇ ತರಗತಿಯ ಹುಡುಗಿ. ಜಾತ್ರೆ, ಹೋಳಿ, ಮದುವೆ ಎಂದು ಇನ್ನೊಂದಿಷ್ಟು ದಿನ ಹೋಗುತ್ತವೆ. ಹಾಜರಿ ಪುಸ್ತಕದಲ್ಲಿ ಗೈರು ಗುರುತುಗಳು ಒತ್ತೊತ್ತಾಗಿ ಬೀಳುವ ತಿಂಗಳುಗಳಿವು.

ಒಂದರಿಂದ ಮೂರನೇ ತರಗತಿವರೆಗೆ ನಮ್ಮ ಶಾಲೆಗಳಲ್ಲಿರುವ ನಲಿ-ಕಲಿ ಪದ್ಧತಿ ಹುಟ್ಟಿದ್ದೇ ಇಂಥ ಗೈರುಹಾಜರಿಯ ನಡುವೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನಿಂದ, ಶಿಕ್ಷಕರೇ ಮುಂದೆ ನಿಂತು ಇದನ್ನು ರೂಪಿಸಿದರು. ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಯ ಹಳ್ಳಿಶಾಲೆಗಳಲ್ಲಿ ಕಂಡ ಕ್ರಮ ಅವರಿಗೆ ಪ್ರೇರಣೆ. ಹೆಗ್ಗಡದೇವನಕೋಟೆಯಲ್ಲಿದ್ದದ್ದು ಕಾಡಂಚಿನ ಊರು, ಹಾಡಿಗಳ ಮಕ್ಕಳು. ಒಬ್ಬರೇ ಶಿಕ್ಷಕರು, ಒಂದೇ ಕೋಣೆ, ಮೂರು ತರಗತಿ, ದಿನ ಬಿಟ್ಟು ದಿನ ಬರುವ ಹುಡುಗರು. ಎಲ್ಲರಿಗೂ ಒಂದೇ ಪಾಠ ಒಂದೇ ದಿನ ಮಾಡಿದರೆ, ಎರಡು ವಾರ ತಪ್ಪಿಸಿಕೊಂಡ ಮಗು ಮತ್ತೆಂದೂ ಸೇರಿಕೊಳ್ಳಲಾರದು. ಆದ್ದರಿಂದ ಪಾಠವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು ಗೋಡೆಗೆ ಏಣಿ ಹಾಕಿದರು. ಮಗು ಯಾವ ಮೆಟ್ಟಿಲಲ್ಲಿ ಬಿಟ್ಟು ಹೋಯಿತೋ, ಬಂದ ದಿನ ಅಲ್ಲಿಂದಲೇ ಹತ್ತಬಹುದು. 2009–10ರಿಂದ ಇದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳತರಗತಿಗಳಿಗೆಲ್ಲ ಬಂತು. ಗುಳೆ ಹೋಗುವ ನಮ್ಮ ಸೀಮೆಗೆ ಇದಕ್ಕಿಂತ ಒಪ್ಪುವ ವ್ಯವಸ್ಥೆ ಮತ್ತೊಂದಿಲ್ಲ ಎಂಬುದು ನನ್ನ ದೃಢ ನಂಬಿಕೆ. ಆದರೆ ಹಾಗೆ ಒಪ್ಪಬೇಕಾದರೆ ಅದು ಹೇಗೆ ನಡೆಯುತ್ತದೆ ಎಂಬುದು ಮನೆಯವರಿಗೂ ಗೊತ್ತಿರಬೇಕು.

ನಲಿ-ಕಲಿ ಕೋಣೆಗೆ ಕಾಲಿಟ್ಟವರಿಗೆ ಮೊದಲು ಕಾಣುವುದು ಗದ್ದಲ. ಯಾರೂ ಸಾಲಾಗಿ ಕೂತಿಲ್ಲ. ಕೆಲವರು ನೆಲದ ಮೇಲೆ ವೃತ್ತವಾಗಿ, ಕೆಲವರು ಗೋಡೆಯ ಕೆಳಭಾಗಕ್ಕೆ ಬಳಿದ ಕಪ್ಪುಹಲಗೆಯ ಮುಂದೆ ಸುಣ್ಣದಕಡ್ಡಿ ಹಿಡಿದು, ಇನ್ನು ಕೆಲವರು ಕಾರ್ಡು ಹುಡುಕುತ್ತ ಓಡಾಡುತ್ತ. ತಲೆಯ ಮೇಲೆ ಅಡ್ಡಡ್ಡ ಕಟ್ಟಿದ ದಾರಗಳಲ್ಲಿ ಮಕ್ಕಳೇ ಬರೆದ, ಕತ್ತರಿಸಿದ ಚಿತ್ರಗಳು ನೇತಾಡುತ್ತವೆ. ಅದಕ್ಕೆ ಕಲಿಕಾ ಚಪ್ಪರ ಎನ್ನುತ್ತಾರೆ. ಗೋಡೆಯ ಮೇಲೆ ಕಲಿಕಾ ಏಣಿ, ಹವಾಮಾನ ನಕ್ಷೆ, ಪ್ರತಿ ಮಗುವಿನ ಹೆಸರಿರುವ ಪ್ರಗತಿ ನೋಟ. ಈ ಗದ್ದಲಕ್ಕೆ ಒಂದು ಕ್ರಮವಿದೆ.

ಒಂದನೇ ತರಗತಿಯ ಒಬ್ಬ ಹುಡುಗಿಯನ್ನೇ ತೆಗೆದುಕೊಳ್ಳೋಣ. ಫೆಬ್ರುವರಿಯ ಒಂದು ಮುಂಜಾನೆ ಅವಳು ಏಣಿಯ ಹತ್ತಿರ ಹೋಗಿ, ನಿನ್ನೆ ತಾನು ಮುಗಿಸಿದ ಮೆಟ್ಟಿಲಿನ ಮೇಲಿನದನ್ನು ಬೆರಳಿಟ್ಟು ನೋಡುತ್ತಾಳೆ. ಅಲ್ಲೊಂದು ಪುಟ್ಟ ಚಿತ್ರ, ಪಕ್ಕಕ್ಕೆ ಒಂದು ಅಂಕಿ. ಅದೇ ಚಿತ್ರ, ಅದೇ ಅಂಕಿ ಇರುವ ಕಾರ್ಡನ್ನು ಹುಡುಕಿ ತೆಗೆಯುತ್ತಾಳೆ. ಓದು ಬಾರದ ಮಗುವೂ ತನ್ನ ಪಾಠವನ್ನು ತಾನೇ ಹುಡುಕಿಕೊಳ್ಳುವ ಹಾಗೆ ಮಾಡಿದ ಏರ್ಪಾಟು ಇದು. ಆ ಮೆಟ್ಟಿಲಿಗೆ ಯಾವ ಗುಂಪು ಎಂಬುದೂ ಏಣಿಯಲ್ಲೇ ಗೊತ್ತಾಗುತ್ತದೆ. ಗುಂಪುಗಳು ಐದು; ಅವಕ್ಕೆ ತಟ್ಟೆ ಎಂದು ಹೆಸರು. ಮೊದಲನೆಯದರಲ್ಲಿ ಶಿಕ್ಷಕರೇ ಪೂರ್ತಿ ಕೂತು ಕಲಿಸುತ್ತಾರೆ. ಎರಡನೆಯದರಲ್ಲಿ ಅವರದು ಅರ್ಧ ಸಹಾಯ. ಮೂರು, ನಾಲ್ಕರಲ್ಲಿ ಗೆಳೆಯರ ಸಹಾಯ, ಮೊದಲು ಪೂರ್ತಿ, ಆಮೇಲೆ ಅಷ್ಟಿಷ್ಟು. ಐದನೆಯದರಲ್ಲಿ ಮಗು ಒಂಟಿಯಾಗಿ ಮಾಡಬೇಕು. ಹೊಸ ಅಕ್ಷರ ಬಂದಾಗ ಮೊದಲ ತಟ್ಟೆಯಲ್ಲಿ ಕೂತ ಹುಡುಗಿ ಅದು ಕೈಗೆ ಹತ್ತುತ್ತಿದ್ದಂತೆ ಐದನೆಯ ತಟ್ಟೆಗೆ ಸರಿಯುತ್ತಾಳೆ. ನಾಲ್ಕಾರು ಮೆಟ್ಟಿಲಿಗೊಮ್ಮೆ ಕಲಿತದ್ದನ್ನು ಪರೀಕ್ಷಿಸುವ ಮೆಟ್ಟಿಲೂ ಬರುತ್ತದೆ. ಅದನ್ನು ದಾಟಿದರೆ ಪ್ರಗತಿ ನೋಟದಲ್ಲಿ ಗುರುತು, ತಡವರಿಸಿದರೆ ಅದೇ ಕಲಿಕೆಗೆ ಇನ್ನಷ್ಟು ಅಭ್ಯಾಸ. ಈಚಿನ ವರ್ಷಗಳಲ್ಲಿ ಕಾರ್ಡುಗಳ ಜೊತೆಗೆ ಅಭ್ಯಾಸ ಪುಸ್ತಕವೂ ಇದೆ, ತತ್ವ ಅದೇ.

ಅಕ್ಷರ ಕಲಿಸುವ ಕ್ರಮ ಕಂಡು ಅನೇಕ ಅಜ್ಜಂದಿರು ಗಾಬರಿಯಾಗುತ್ತಾರೆ. ಇಲ್ಲಿ ಅ, ಆ, ಇ, ಈ ಎಂದು ಶುರುವಾಗುವುದಿಲ್ಲ. ಮೊದಲು ರ, ಗ, ಸ, ದ, ಅ. ಆಮೇಲೆ ಜ, ವ, ಮ, ಬ, ನ. ಕಾರಣ ಸರಳ. ವರ್ಣಮಾಲೆ ಪೂರ್ತಿ ಮುಗಿಯುವವರೆಗೆ ಕಾದರೆ ಮಗುವಿಗೆ ತಿಂಗಳುಗಟ್ಟಲೆ ಒಂದು ಪದವೂ ಓದಲು ಸಿಗುವುದಿಲ್ಲ. ಈ ಮೊದಲ ಐದರಲ್ಲೇ ಸರ, ರಸ, ಅರಸ, ಅಗಸ, ಗರಗಸ ಆಗುತ್ತವೆ. ಮುಂದಿನ ಐದು ಸೇರಿದರೆ ಮರ, ದನ, ಜನ, ನಗರ, ಬಸವ, ಬರ. ಹತ್ತು ಅಕ್ಷರ ಬಂದ ಮಗು ತನ್ನ ಊರಿನ ಅರ್ಧ ಬದುಕನ್ನು ಆಗಲೇ ಓದಬಲ್ಲದು. ಬರೆಯುವ ಕೈಗೂ ಈ ಅಕ್ಷರಗಳು ಒಂದಕ್ಕೊಂದು ಹತ್ತಿರ. ಗುಂಡಗೆ ತಿರುಗುವ ರ ಬಂದರೆ ಉಳಿದವಕ್ಕೆ ದಾರಿಯಾಯಿತು.

ಈಗ ಗುಳೆಯ ಮಾತಿಗೆ ಬರೋಣ. ಆ ಹುಡುಗಿ ಮಾರ್ಚ್‌ನಲ್ಲಿ ಹೊರಟು ಜೂನ್‌ಗೆ ಬಂದರೆ ಏಣಿ ಅವಳಿಗಾಗಿ ಕಾದಿರುತ್ತದೆ, ನಿಜ. ಆದರೆ ಕಲಿತದ್ದು ಹಾಗೆ ಕಾಯುವುದಿಲ್ಲ. ಕಾಗುಣಿತದ ನಡುಮಧ್ಯೆ, ಅಂದರೆ ಕಿ, ಕು, ಕೆ ಗುರುತಿಸುವುದು ಇನ್ನೂ ಪಳಗದೆ ಇರುವಾಗ ಮೂರು ತಿಂಗಳು ಕಣ್ಣಿಗೆ ಅಕ್ಷರ ಬೀಳದಿದ್ದರೆ ಹಿಂದಿನ ಹತ್ತಿಪ್ಪತ್ತು ಮೆಟ್ಟಿಲು ಜಾರಿಹೋಗುತ್ತವೆ. ಅದೇ ಹುಡುಗಿ ಇನ್ನೊಂದು ತಿಂಗಳು ಉಳಿದು, ಸಣ್ಣ ವಾಕ್ಯ ತಾನಾಗಿ ಓದುವ ಹಂತ ಮುಟ್ಟಿ ಹೋದರೆ, ಓದು ಅಷ್ಟು ಸುಲಭಕ್ಕೆ ಮರೆಯುವುದಿಲ್ಲ. ದಾರಿಯ ಬೋರ್ಡು, ಬಸ್ಸಿನ ಹಲಗೆ, ಸಿಮೆಂಟ್ ಚೀಲದ ಮೇಲಿನ ಹೆಸರು ಎಲ್ಲವೂ ಆಗ ಅಭ್ಯಾಸವೇ. ಫೆಬ್ರುವರಿ, ಮಾರ್ಚ್ ತಿಂಗಳುಗಳಿಗೆ ಇಷ್ಟು ಬೆಲೆ ಕೊಡಬೇಕು ಎನ್ನುವುದು ಇದಕ್ಕಾಗಿ.

ಮನೆಯಲ್ಲಿ ಕೇಳುವ ಪ್ರಶ್ನೆಯೂ ಬದಲಾಗಬೇಕು. ‘ಎಷ್ಟು ಮಾರ್ಕ್ಸ್ ಬಂತು’ ಎಂದರೆ ಈ ತರಗತಿಗಳಲ್ಲಿ ಹೇಳಲು ಹೆಚ್ಚೇನೂ ಇಲ್ಲ. "ಅಕ್ಕೋರ್ರೀ, ನಮ್ಮ ಹುಡುಗಿ ಯಾವ ಮೆಟ್ಟಿಲ ಮ್ಯಾಲ ಅದಾಳ್ರೀ? ಎಷ್ಟು ದಿನದಿಂದ ಅಲ್ಲೇ ಅದಾಳ್ರೀ?" ಎಂದು ಕೇಳಿದರೆ ಶಿಕ್ಷಕಿ ಪ್ರಗತಿ ನೋಟದ ಮುಂದೆ ಕರೆದೊಯ್ದು ಬೆರಳಿಟ್ಟು ತೋರಿಸುತ್ತಾರೆ. ಎರಡನೆಯ ಪ್ರಶ್ನೆಯೇ ಮುಖ್ಯ. ಮಗು ಕೆಳಗಿನ ಮೆಟ್ಟಿಲಲ್ಲಿರುವುದು ದೊಡ್ಡ ಚಿಂತೆಯ ಮಾತಲ್ಲ. ಒಂದೇ ಮೆಟ್ಟಿಲಲ್ಲಿ ವಾರಗಟ್ಟಲೆ ನಿಂತಿದ್ದರೆ ಯೋಚಿಸಬೇಕು. ಕಣ್ಣು, ಕಿವಿ ಸರಿ ಇವೆಯೇ, ರಾತ್ರಿ ನಿದ್ದೆಯಾಗುತ್ತಿದೆಯೇ, ಮನೆಮಾತು ಬೇರೆಯೇ ಎಂದು ನೋಡಬೇಕು.

ಮನೆಮಾತಿನ ಸಂಗತಿ ಸಿಂಧನೂರಿನಲ್ಲಿ ಸಣ್ಣದಲ್ಲ. ತುಂಗಭದ್ರಾ ಅಣೆಕಟ್ಟಿನ ನಂತರ ಆಂಧ್ರದಿಂದ ಬಂದು ನೆಲೆನಿಂತ ರೈತರ ಕ್ಯಾಂಪುಗಳಲ್ಲಿ ತೆಲುಗು, ನಿರಾಶ್ರಿತರ ಆರ್.ಎಚ್. ಕ್ಯಾಂಪುಗಳಲ್ಲಿ ಬಂಗಾಳಿ, ತಾಂಡಾಗಳಲ್ಲಿ ಲಂಬಾಣಿ, ಊರೂರಲ್ಲಿ ಉರ್ದು. ಆರು ವರ್ಷದ ಮಗು ಕನ್ನಡ ಮಾತನ್ನೂ ಕನ್ನಡ ಅಕ್ಷರವನ್ನೂ ಒಟ್ಟೊಟ್ಟಿಗೆ ಕಲಿಯುವುದು ಇಮ್ಮಡಿ ಕೆಲಸ. ಅನುಭವಿ ಶಿಕ್ಷಕರು ಚಿತ್ರ ತೋರಿಸಿ ಮೊದಲು ಮಗುವಿನ ಮನೆಮಾತಿನಲ್ಲೇ ಹೆಸರು ಹೇಳಿಸುತ್ತಾರೆ, ಆಮೇಲೆ ಕನ್ನಡದ ಹೆಸರು, ಕೊನೆಗೆ ಅಕ್ಷರ. ಮಗು ಮನೆಮಾತಾಡಿತೆಂದು ಬಾಯಿ ಮುಚ್ಚಿಸಿದ ಕೋಣೆಯಲ್ಲಿ ಕಲಿಕೆಯೂ ಮುಚ್ಚಿಹೋಗುತ್ತದೆ.

ನಾಲ್ಕನೇ ತರಗತಿಯಿಂದ ಕಥೆ ಬೇರೆ. ಅಲ್ಲಿ ಏಣಿ ಇಲ್ಲ, ಪಠ್ಯಪುಸ್ತಕ ಮುಂದೆ ನಡೆಯುತ್ತದೆ, ಮಗು ಹಿಂದೆ ಓಡಬೇಕು. ಫೆಬ್ರುವರಿಯಲ್ಲಿ ಹದಿನೈದು ದಿನ ತಪ್ಪಿಸಿಕೊಂಡ ಐದನೇ ತರಗತಿಯ ಹುಡುಗನಿಗೆ ಭಿನ್ನರಾಶಿ ಹೋಯಿತೆಂದರೆ ಹೋಯಿತು. ಮೂರನೇ ತರಗತಿಯೊಳಗೆ ಓದು ಬಾರದವರು ಇಲ್ಲಿ ಸುಮ್ಮನೆ ಕೂರುತ್ತಾರೆ, ಹಲಗೆಯ ಮೇಲಿನದನ್ನು ಚಿತ್ರ ಬಿಡಿಸಿದಂತೆ ನಕಲು ಮಾಡುತ್ತಾರೆ, ಅಕ್ಷರ ದುಂಡಗಿರುತ್ತದೆ, ನೋಡಿದವರಿಗೆ ಸಮಾಧಾನ. ಈ ಮಕ್ಕಳಿಗಾಗಿಯೇ ಇಲಾಖೆ ಪ್ರಥಮ್ ಸಂಸ್ಥೆಯ ಜೊತೆಗೂಡಿ ‘ಓದು ಕರ್ನಾಟಕ’ ನಡೆಸಿತು. ಅದರ ಉಪಾಯ ಎಲ್ಲ ಶಿಕ್ಷಕರಿಗೂ ಸದಾ ಬೇಕಾದದ್ದು. ನಾಲ್ಕು, ಐದನೇ ತರಗತಿಯ ಮಕ್ಕಳನ್ನು ತರಗತಿ ನೋಡದೆ ಅಕ್ಷರ, ಪದ, ವಾಕ್ಯ, ಕಥೆ ಎಂದು ಅವರವರ ಓದಿನ ಮಟ್ಟಕ್ಕೆ ವಿಂಗಡಿಸಿ, ದಿನದ ಒಂದಿಷ್ಟು ಹೊತ್ತು ಆ ಗುಂಪಿಗೆ ತಕ್ಕ ಕೆಲಸ ಕೊಡುವುದು.

ಮಗು ಓದುತ್ತಿದೆಯೋ ಬಾಯಿಪಾಠ ಒಪ್ಪಿಸುತ್ತಿದೆಯೋ ಎಂದು ಅಕ್ಷರ ಬಾರದ ತಾಯಿಯೂ ಮನೆಯಲ್ಲೇ ಪತ್ತೆ ಮಾಡಬಹುದು. ಪಾಠದ ಚಿತ್ರವನ್ನು ಅಂಗೈಯಿಂದ ಮುಚ್ಚಿ. ಪುಟದ ಮೊದಲಿನಿಂದ ಓದಿಸಬೇಡಿ. ನಡುವಿನ ಒಂದು ಸಾಲಿಗೆ ಬೆರಳಿಟ್ಟು ಅಲ್ಲಿಂದ ಓದು ಎನ್ನಿ. ಬಾಯಿಪಾಠದ ಮಗು ತಕ್ಷಣ ಮೇಲಿನ ಸಾಲಿಗೆ ಓಡುತ್ತದೆ. ಇನ್ನೂ ಒಂದು ಮಾಡಿ. ಅದೇ ಪುಟದಲ್ಲಿ ನೋಡಲು ಒಂದೇ ರೀತಿ ಇರುವ ಪದ ಎರಡು ಕಡೆ ಇದ್ದರೆ ಎರಡಕ್ಕೂ ಬೆರಳಿಡಿ. ಎರಡೂ ಕಡೆ ಒಂದೇ ಶಬ್ದ ಬಂದರೆ ಮಗು ಓದುತ್ತಿರಬಹುದು; ಬೇರೆ ಬೇರೆ ಬಂದರೆ ಊಹಿಸುತ್ತಿದೆ. ಇದಕ್ಕೆ ತಾಯಿಗೆ ಒಂದು ಅಕ್ಷರವೂ ಬರಬೇಕಿಲ್ಲ, ಕಣ್ಣು ಕಿವಿ ಸಾಕು.

ಲೆಕ್ಕಕ್ಕೂ ಇಂಥದೊಂದು ಪರೀಕ್ಷೆ ಇದೆ. 42ರಲ್ಲಿ 17 ಕಳೆ ಎನ್ನಿ. 35 ಎಂದು ಬರೆದರೆ, ಮಗು ಬಿಡಿ ಸ್ಥಾನದಲ್ಲಿ 2ರಿಂದ 7 ಹೋಗದಿದ್ದಾಗ ತಿರುಗಿಸಿ 7ರಿಂದ 2 ಕಳೆದಿದೆ. ಬೈದು ಪ್ರಯೋಜನವಿಲ್ಲ, ಮತ್ತೆ ಮತ್ತೆ ಬರೆಸಿಯೂ ಪ್ರಯೋಜನವಿಲ್ಲ. ಹೊಲದಿಂದ ತಂದ ಹತ್ತಿಕಟ್ಟಿಗೆ ಚೂರುಗಳನ್ನು ಹತ್ತತ್ತರ ಕಟ್ಟು ಕಟ್ಟಿ, ನಾಲ್ಕು ಕಟ್ಟು ಎರಡು ಬಿಡಿ ಮುಂದಿಡಿ. ಏಳು ಕೊಡಲು ಬಿಡಿ ಸಾಲದೆ ಒಂದು ಕಟ್ಟು ಬಿಚ್ಚಿದ ಕೈಗೆ 25 ಏಕೆ ಎಂಬುದು ಆಗಲೇ ತಿಳಿಯುತ್ತದೆ. ಶಾಲೆಗಳಿಗೆ ಅಕ್ಷರ ಫೌಂಡೇಶನ್ ಸಹಯೋಗದ ‘ಗಣಿತ ಕಲಿಕಾ ಆಂದೋಲನ’ದಲ್ಲಿ ಬಂದ ಕಿಟ್ಟುಗಳಲ್ಲೂ ಇದೇ ಕೆಲಸಕ್ಕೆ ಬ್ಲಾಕುಗಳಿವೆ. ಪೆಟ್ಟಿಗೆಯಲ್ಲೇ ಉಳಿದಿದ್ದರೆ ಹೊರತೆಗೆಯಲು ಈ ಪುನರಾವರ್ತನೆಯ ವಾರಗಳೇ ತಕ್ಕ ಸಮಯ.

ಇನ್ನು ದಿನಚರಿ. ಗಂಟೆ, ಪ್ರಾರ್ಥನೆ, ನಾಡಗೀತೆ, ಸಂವಿಧಾನ ಪೀಠಿಕೆಯ ಓದು, ದಿನಪತ್ರಿಕೆಯ ಮುಖ್ಯಾಂಶ, ಆಮೇಲೆ ಹಾಲು. ಕ್ಷೀರಭಾಗ್ಯ ಶುರುವಾದದ್ದು 2013ರ ಆಗಸ್ಟ್ 1ರಂದು. ಒಂದು ಮಗುವಿಗೆ 18 ಗ್ರಾಂ ಹಾಲಿನ ಪುಡಿಯಿಂದ 150 ಮಿಲಿ ಲೀಟರ್ ಹಾಲು. 2024ರಿಂದ ವಾರದಲ್ಲಿ ಮೂರು ದಿನ ಅದಕ್ಕೆ ರಾಗಿ ಪುಡಿ ಬೆರೆಯಿತು. ಮಧ್ಯಾಹ್ನದ ಬಿಸಿಯೂಟವಂತೂ ನಮ್ಮ ಕಡೆಯಿಂದಲೇ ಮೊದಲಾದದ್ದು. 2002ರ ಜೂನ್‌ನಲ್ಲಿ ಅಕ್ಷರ ದಾಸೋಹ ಮೊದಲು ಬಂದದ್ದು ರಾಯಚೂರು ಸೇರಿದ ಉತ್ತರದ ಏಳು ಜಿಲ್ಲೆಗಳಿಗೆ. ಐದನೇ ತರಗತಿವರೆಗೆ ಮಗುವಿಗೆ 100 ಗ್ರಾಂ ಅಕ್ಕಿ, ಮೇಲಿನವರಿಗೆ 150 ಗ್ರಾಂ, ಜೊತೆಗೆ ಬೇಳೆ, ತರಕಾರಿ. ಮೊಟ್ಟೆಯೂ ಹಾಗೆಯೇ: 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹರಡಿತು, 2024ರ ಸೆಪ್ಟೆಂಬರ್‌ನಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರದ ಆರೂ ದಿನಕ್ಕೆ ಏರಿತು. ತಿನ್ನದವರಿಗೆ ಬಾಳೆಹಣ್ಣು. ಊಟ ಬಡಿಸುವ ಮುಂಚೆ ಶಿಕ್ಷಕರು ರುಚಿ ನೋಡಬೇಕೆಂಬುದು ನಿಯಮ. ಬೇಸಿಗೆಯಲ್ಲಿ ಅದಕ್ಕೆ ಹೆಚ್ಚಿನ ಅರ್ಥವಿದೆ, ಬೇಳೆ, ಮೊಟ್ಟೆ ಬೇಗ ಕೆಡುವ ದಿನಗಳಿವು. ಶಾಲಾಭಿವೃದ್ಧಿ ಸಮಿತಿಯಲ್ಲಿ (ಎಸ್‌ಡಿಎಂಸಿ) ಇರುವ ಪಾಲಕರು ಅಡುಗೆ ಕೋಣೆಗೆ ಹೋಗಿ ನೋಡಬೇಕಾದ್ದೂ ಈಗಲೇ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಆ ಸಮಿತಿಯಲ್ಲಿ ನಾಲ್ಕನೇ ಮೂರು ಪಾಲು ಪಾಲಕರು, ಅರ್ಧದಷ್ಟು ಮಹಿಳೆಯರು ಇರಬೇಕು.

ಬರದ ವರ್ಷಗಳಲ್ಲಿ ರಜೆಯಲ್ಲೂ ಊಟ ಕೊಡುವುದುಂಟು. 2024ರ ಬೇಸಿಗೆಯಲ್ಲಿ ಬರಪೀಡಿತ ತಾಲ್ಲೂಕುಗಳಲ್ಲಿ ಕೊಟ್ಟರು. ಅಜ್ಜಿಯ ಹತ್ತಿರ ಉಳಿದ ಮಗುವಿಗೆ ಅದು ದಿನದ ದೊಡ್ಡ ಊಟ.

ಬಿಸಿಲು ಏರಿದಂತೆ ಇಲಾಖೆಯ ಆದೇಶ ಬಂದು ನಮ್ಮ ಭಾಗದ ಶಾಲೆಗಳು ಮುಂಜಾನೆಗೆ ಸರಿಯುತ್ತವೆ. ಮುಂಜಾನೆ ಶಾಲೆ ಎಂದರೆ ಅನೇಕರಿಗೆ ಅರ್ಧ ಶಾಲೆ, ಬಿಟ್ಟರೂ ನಡೆಯುತ್ತದೆ ಎಂಬ ಭಾವನೆ. ಸತ್ಯವೆಂದರೆ ತಂಪು ಹೊತ್ತಿನ ಮೂರು ತಾಸು ತಗಡಿನ ಸೂರಿನ ಕೆಳಗಿನ ಮಧ್ಯಾಹ್ನದ ಐದು ತಾಸಿಗಿಂತ ಮೇಲು. ಗಟ್ಟಿಯಾದ ಪಾಠ, ಓದು, ಲೆಕ್ಕ ಎಲ್ಲವನ್ನೂ ಮೊದಲ ಎರಡು ಅವಧಿಗೇ ಹಾಕಿಕೊಂಡು, ಚಿತ್ರ, ಹಾಡು, ಕಥೆಗಳನ್ನು ಕೊನೆಗಿಡುವ ಶಿಕ್ಷಕರ ತರಗತಿ ಹಸನಾಗಿ ನಡೆಯುತ್ತದೆ. ಹುಡುಗರು ಖಾಲಿ ಹೊಟ್ಟೆಯಲ್ಲಿ ಓಡಿ ಬರುವುದು ಒಂದೇ ತೊಂದರೆ. ರಾತ್ರಿಯ ಒಂದು ರೊಟ್ಟಿ ಎತ್ತಿಟ್ಟಿದ್ದರೆ ಸಾಕು. ನೀರು ಕುಡಿಯಲು ನೆನಪಿಸುವ ‘ನೀರಿನ ಗಂಟೆ’ ಕೇರಳದಿಂದ ಬಂದ ಒಳ್ಳೆಯ ರೂಢಿ. 2019ರಲ್ಲಿ ನಮ್ಮ ರಾಜ್ಯವೂ ಅದನ್ನು ತಂದಿತು. ಗಂಟೆ ಹೊಡೆದರೆ ಸಾಲದು, ಶೌಚಾಲಯದ ಬಾಗಿಲು ತೆರೆದು ನೀರಿರಬೇಕು. ಇಲ್ಲದಿದ್ದರೆ ದೊಡ್ಡ ಹುಡುಗಿಯರು ನೀರು ಕುಡಿಯುವುದನ್ನೇ ಬಿಡುತ್ತಾರೆ.

ಈ ಋತು ತಾನೇ ಒಳ್ಳೆಯ ಪಾಠ. ಬೇವು ಹೂಬಿಟ್ಟಿದೆ, ಹುಣಸೆ ಉದುರುತ್ತಿದೆ, ಯುಗಾದಿಯ ಬೇವು ಕುಡಿಯಲು ಮಕ್ಕಳೇ ಹೂ ಆರಿಸುತ್ತಾರೆ. ಪರಿಸರ ಅಧ್ಯಯನಕ್ಕೆ ಬೇರೆ ಸಾಮಗ್ರಿ ಬೇಕಿಲ್ಲ. ಆರು, ಏಳನೇ ತರಗತಿಯವರಿಗೆ ನಾನು ಹೇಳುವುದು ನೆರಳಿನ ಪ್ರಯೋಗ. ಒಂದು ಮೀಟರ್ ಉದ್ದದ ನೆಟ್ಟನೆಯ ಕೋಲನ್ನು ಅಂಗಳದಲ್ಲಿ ನಿಲ್ಲಿಸಿ. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಅದು ನೇರವಿದೆಯೇ ನೋಡಿ. ಸಿಂಧನೂರಿನಲ್ಲಿ ಸೂರ್ಯ ನಡುನೆತ್ತಿಗೆ ಬರುವುದು ಗಡಿಯಾರದ ಹನ್ನೆರಡಕ್ಕಲ್ಲ. ನಮ್ಮ ಗಡಿಯಾರ ಇನ್ನೂ ಪೂರ್ವದ ರೇಖೆಯದ್ದು, ಆದ್ದರಿಂದ ಈ ತಿಂಗಳುಗಳಲ್ಲಿ 12.25ರಿಂದ 12.40ರ ನಡುವೆ ನೆರಳು ಅತಿ ಗಿಡ್ಡವಾಗುತ್ತದೆ. ಫೆಬ್ರುವರಿ ಮೊದಲ ದಿನ ಅದು ಸುಮಾರು 65 ಸೆಂಟಿ ಮೀಟರ್. ಹಗಲು ರಾತ್ರಿ ಸಮನಾಗುವ ಮಾರ್ಚ್ 21ರ ಹೊತ್ತಿಗೆ 28. ಶಾಲೆ ಮುಗಿಯುವ ಏಪ್ರಿಲ್ 10ಕ್ಕೆ 14. ವಾರಕ್ಕೊಮ್ಮೆ ಅಳೆದು ನಕ್ಷೆ ಬರೆದ ಮಕ್ಕಳು ‘ಮುಂದೆ ಏನಾಗುತ್ತದೆ?’ ಎಂದು ತಾವೇ ಕೇಳುತ್ತಾರೆ. ಮೇ ಮೊದಲ ವಾರದಲ್ಲಿ ಒಂದು ದಿನ ಕೋಲಿಗೆ ನೆರಳೇ ಇರುವುದಿಲ್ಲ. ಆಗ ರಜೆ, ಕೋಲು ಮನೆಯಂಗಳದಲ್ಲಿ ನೆಟ್ಟರಾಯಿತು. ಅಳತೆ, ದಶಮಾಂಶ, ನಕ್ಷೆ, ಭೂಗೋಳ ಎಲ್ಲವೂ ಒಂದು ಕೋಲಿನಲ್ಲಿ ಸಿಗುವಾಗ ಇವನ್ನು ಬೇರೆ ಬೇರೆ ಪಾಠವಾಗಿ ಬಾಯಿಪಾಠ ಮಾಡಿಸುವುದು ನನಗೆ ಸಂಕಟದ ಸಂಗತಿ.

ಬಿಸಿಲು ಬಲಿಯುವ ಮೊದಲು ಒಂದು ಮುಂಜಾನೆ ಮಸ್ಕಿಗೆ ಹೋಗಿಬರಬಹುದು. ತಿಂಗಳಿಗೊಮ್ಮೆ ಬರುವ ಬ್ಯಾಗಿಲ್ಲದ ‘ಸಂಭ್ರಮ ಶನಿವಾರ’ ಅದಕ್ಕೆ ಅನುಕೂಲ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅಲ್ಲಿ ಕಂಡ ಬಂಡೆ ಶಾಸನದಿಂದಲೇ, ‘ದೇವಾನಾಂಪ್ರಿಯ’ ಎನಿಸಿಕೊಂಡ ರಾಜ ಅಶೋಕನೇ ಎಂಬುದು ಖಚಿತವಾಯಿತು. ಹೊಳೆಯಾಚೆ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉಡೇಗೋಳದಲ್ಲೂ ಅಶೋಕನ ಶಾಸನಗಳಿವೆ. ಪುಸ್ತಕದ ಅಶೋಕ ಪಾಟಲಿಪುತ್ರದವನು. ತನ್ನೂರಿನ ಆಜುಬಾಜಿನ ಬಂಡೆಯಲ್ಲಿ ಅವನ ಹೆಸರು ಇದೆ ಎಂದು ಕಂಡ ಹುಡುಗ ಇತಿಹಾಸದ ಪಾಠವನ್ನು ಬೇರೆಯೇ ರೀತಿಯಲ್ಲಿ ಓದುತ್ತಾನೆ.

ಪರೀಕ್ಷೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನ, ಕೊನೆಯದು ಮಾರ್ಚ್‌ನಲ್ಲಿ. ಕ್ಲಸ್ಟರ್ ಮಟ್ಟದ ಕಲಿಕಾ ಹಬ್ಬ ಬಂದ ವರ್ಷ ಗಟ್ಟಿ ಓದು, ಕಥೆ ಹೇಳುವುದು, ಕೈಬರಹ, ರಸಪ್ರಶ್ನೆ ಎಂದು ಮಕ್ಕಳು ಅದಕ್ಕೂ ತಯಾರಾಗುತ್ತಾರೆ. ಬಾಯಿ ಬಿಡದ ಮಗು ಅಲ್ಲಿ ಬಾಯಿ ಬಿಟ್ಟದ್ದುಂಟು. ಫಲಿತಾಂಶ ಹೇಳುವುದು ‘ಸಮುದಾಯದತ್ತ ಶಾಲೆ’ಯ ದಿನ, ಈಚಿನ ವರ್ಷಗಳಲ್ಲಿ ಏಪ್ರಿಲ್ 10ರ ಆಸುಪಾಸು. ಅಂದು ಹೊಲಕ್ಕೆ ಹೋಗದೆ ಶಾಲೆಗೆ ಬನ್ನಿ. ಮಗುವಿನ ಉತ್ತರ ಪತ್ರಿಕೆ, ಕೃತಿ ಸಂಪುಟ ಕೇಳಿ ಪಡೆದು ನೋಡಿ. ರಜೆಯಲ್ಲಿ ಏನು ಮಾಡಿಸಬೇಕು ಎಂದು ಒಂದೇ ಒಂದು ಕೆಲಸ ಕೇಳಿ. ಹತ್ತು ಕೇಳಿದರೆ ಒಂದೂ ಆಗುವುದಿಲ್ಲ. ಶಾಲೆಯ ಗ್ರಂಥಾಲಯದ ಎರಡು ಕಥೆ ಪುಸ್ತಕ ರಜೆಗೆ ಕೊಡಿ ಎಂದು ಕೇಳುವುದಕ್ಕೆ ಸಂಕೋಚ ಬೇಡ. ಕಪಾಟಿನಲ್ಲಿ ಬೀಗ ಹಾಕಿಟ್ಟ ಪುಸ್ತಕ ಗೆದ್ದಲಿಗೆ, ಮಗುವಿನ ಕೈಯಲ್ಲಿ ಹರಿದ ಪುಸ್ತಕ ಮಗುವಿಗೆ.

ಗುಳೆ ಹೋಗಲೇಬೇಕಾದವರಿಗೆ ಕಾನೂನು ಏನು ಹೇಳುತ್ತದೆ ಎಂಬುದು ಅನೇಕರಿಗೆ ಗೊತ್ತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಿಂದ. ಅದರ 5ನೇ ಕಲಮಿನಂತೆ ಮಗುವಿಗೆ ಬೇರೆ ಶಾಲೆಗೆ ವರ್ಗವಾಗುವ ಹಕ್ಕಿದೆ. ಟಿ.ಸಿ. ತರಲು ತಡವಾಯಿತೆಂದು ಹೊಸ ಶಾಲೆ ಸೇರಿಸಿಕೊಳ್ಳದೆ ಇರುವಂತಿಲ್ಲ. 14ನೇ ಕಲಮಿನಂತೆ ವಯಸ್ಸಿನ ದಾಖಲೆ ಇಲ್ಲವೆಂದು ತಿರುಗಿ ಕಳಿಸುವಂತಿಲ್ಲ. 15ರಂತೆ ದಾಖಲಾತಿಯ ಅವಧಿ ಮುಗಿಯಿತೆಂದೂ ಹೇಳುವಂತಿಲ್ಲ. ವರ್ಷಗಟ್ಟಲೆ ಶಾಲೆ ತಪ್ಪಿದ್ದರೆ 4ನೇ ಕಲಮಿನಂತೆ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ವಿಶೇಷ ತರಬೇತಿ ಕೊಡಬೇಕು. ಊರು ಬಿಡುವ ಮುಂಚೆ ಮುಖ್ಯ ಗುರುಗಳಿಗೆ ಎಲ್ಲಿಗೆ ಹೋಗುತ್ತೇವೆ ಎಂದು ಹೇಳಿ, ಮಗುವಿನ ಸ್ಯಾಟ್ಸ್ (ವಿದ್ಯಾರ್ಥಿ ಗುರುತಿನ) ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡು ಆಧಾರ್ ಜೊತೆಗಿಡಿ. ಆ ಸಂಖ್ಯೆ ಇದ್ದರೆ ಬೆಂಗಳೂರಿನ ಸರ್ಕಾರಿ ಶಾಲೆಯವರು ಮಗುವಿನ ವಿವರವನ್ನು ಕಂಪ್ಯೂಟರಿನಲ್ಲೇ ನೋಡುತ್ತಾರೆ. ಕೆಲಸದ ಜಾಗದ ಹತ್ತಿರ ಶಾಲೆ ಕಾಣದಿದ್ದರೆ, ಇಲ್ಲವೇ ಯಾರಾದರೂ ಸೇರಿಸಿಕೊಳ್ಳದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಮಗುವನ್ನು ಊರಲ್ಲೇ ಬಿಟ್ಟು ಹೋಗುವುದಾದರೆ ಋತುಮಾನದ ವಸತಿ ವ್ಯವಸ್ಥೆ ಆ ವರ್ಷ ಹತ್ತಿರದಲ್ಲೆಲ್ಲಿದೆ ಎಂದು ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯನ್ನು (ಸಿಆರ್‌ಪಿ) ವಿಚಾರಿಸಿ.

ತಿರುಗಿ ಬರುವ ದಿನವನ್ನೂ ಈಗಲೇ ಲೆಕ್ಕ ಹಾಕಿಕೊಳ್ಳಿ. ಮೇ ಕೊನೆಗೆ ಶಾಲೆ ತೆರೆದ ಮೇಲೆ ಮೊದಲ ವಾರಗಳಲ್ಲಿ ನಡೆಯುವುದು ಸೇತುಬಂಧ. ಹಿಂದಿನ ವರ್ಷ ಏನು ಉಳಿದಿದೆ, ಏನು ಮರೆತಿದೆ ಎಂದು ಪರೀಕ್ಷಿಸಿ ಅಷ್ಟನ್ನೇ ಮತ್ತೆ ಕಲಿಸುವ ಕಾಲ ಅದು. ಮಾರ್ಚ್ ಕಳೆದುಕೊಂಡ ಮಗುವಿಗೆ ಅತ್ಯಂತ ಅಗತ್ಯವಾದ ಪಾಠಗಳು ಜೂನ್‌ನ ಆ ದಿನಗಳಲ್ಲೇ ಇವೆ. ಮಳೆ ಬಿದ್ದ ಮೇಲೆ, ಬಿತ್ತಿಗೆ ಆದ ಮೇಲೆ ಕಳಿಸೋಣ ಎಂದರೆ ಅವು ಮುಗಿದಿರುತ್ತವೆ.